ಮುಚ್ಚಳದ ಮೇಲಿನ ಹೆಬ್ಬೀದಿ

ಎಲ್ಲದಕ್ಕೂ ಹೂಂ ಎನ್ನುವವನನ್ನು ಲೋಕ ಒಳ್ಳೆಯವನೆಂದೇ ನಂಬುತ್ತದೆ. ಹೂಂರಾಯನ ವಿಷಯದಲ್ಲೂ ಹಾಗೇ ಆಯಿತು. ಬಿಸ್ಕತ್ತಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಜೊತೆಗೆ ದುಡಿದವರು ಅವನಿಗೆ ಇಟ್ಟ ಹೆಸರು ಅದು. ಫೋರ್‌ಮನ್ ಬೈದರೂ ಹೂಂ, ಪಕ್ಕದವನು ಚಾಡಿ ಹೇಳಿದರೂ ಹೂಂ, ರಜೆಯ ದಿನ ಕೆಲಸಕ್ಕೆ ಬಾ ಎಂದರೂ ಹೂಂ. ಎಂಥ ತಣ್ಣನೆಯ ಮನುಷ್ಯ, ಸಿಟ್ಟೆಂಬುದು ಹತ್ತಿರವೂ ಸುಳಿಯುವುದಿಲ್ಲ ಎಂದು ಎಲ್ಲರೂ ಹೊಗಳಿದರು. ಹೊಗಳಿದ್ದೂ ಅವನಿಗೆ ಗೊತ್ತಾಗಲಿಲ್ಲ, ಯಾಕೆಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಅವನು ನಿಲ್ಲುತ್ತಿದ್ದದ್ದು ಮುಚ್ಚಳಕ್ಕೆ ಚಿತ್ರ ಒತ್ತುವ ಪ್ರೆಸ್ಸಿನ ಮುಂದೆ. ತಗಡಿನ ಹಾಳೆ ಒಳಗೆ ಹೋಗಬೇಕು, ಅಚ್ಚು ದಡ್ಡೆಂದು ಮೇಲಿನಿಂದ ಬೀಳಬೇಕು, ಉಬ್ಬಿದ ಚಿತ್ರದ ಮುಚ್ಚಳ ಹೊರಗೆ ಬರಬೇಕು. ಆ ದಡ್ ದಡ್ ಶಬ್ದಕ್ಕೆ ಮೊದಲು ಬಲಗಿವಿ ಹೋಯಿತು. ಒಂಟಿಯಾಗಿ ಇರಲಾರೆ ಎಂಬಂತೆ ಎಡಗಿವಿಯೂ ಕೆಲವು ವರ್ಷಗಳಲ್ಲಿ ಗಂಟುಮೂಟೆ ಕಟ್ಟಿತು. ಕಿವಿ ಮಂದವಾದ ಒಬ್ಬ ಹಳಬನನ್ನು ಮ್ಯಾನೇಜರು ಪ್ಯಾಕಿಂಗಿಗೆ ತಳ್ಳಿದ್ದರು. ಅಲ್ಲಿನ ಹುಡುಗರು ಅವನನ್ನು ಕೆಪ್ಪ ಎಂದು ಕರೆದು, ಅವನ ಬೆನ್ನ ಹಿಂದೆ ನಿಂತೇ ಅವನನ್ನು ಆಡಿಕೊಂಡು ನಗುತ್ತಿದ್ದರು. ಹೂಂರಾಯನೂ ಒಂದೆರಡು ಸಲ ನಕ್ಕಿದ್ದ. ತನ್ನ ಸರದಿ ಬಂದಾಗ ಬಾಯಿ ಬಿಡಲಿಲ್ಲ.

ಬಾಯಿ ಬಿಡುವ ಬದಲು ಬಾಯಿ ನೋಡುವುದನ್ನು ಕಲಿತ. ಎದುರಿಗಿರುವವರ ತುಟಿ ಹೇಗೆ ಆಡುತ್ತದೆ, ಹುಬ್ಬು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆಯೇ ಮಾತು ಹಿಡಿಯುತ್ತಿದ್ದ. ಈ ವಿದ್ಯೆಯಲ್ಲಿ ಒಂದೇ ಒಂದು ತೊಡಕು. ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ. ಒಮ್ಮೆ ಹೆಂಡತಿ ಬಾಗಿಲಲ್ಲಿ ನಿಂತು, ಮಾವ ಬಂದಿದ್ದಾರೆ ಎಂದಳು. ಅವನು ಅದನ್ನು ಭಾವ ಎಂದು ಓದಿಕೊಂಡು, ಆ ಕಳ್ಳ ಮತ್ತೆ ಉಣ್ಣೋಕೆ ಬಂದನಾ, ಒಳಗೆ ಬರಲಿ ಬಿಡು ಎಂದು ಕೂಗಿದ. ಒಳಗೆ ಬಂದವರು ಅವನ ಸ್ವಂತ ಅಪ್ಪ. ಮುದುಕರು ಊಟ ಮುಗಿಯುವವರೆಗೂ ಮಗನ ಮುಖ ನೋಡಲಿಲ್ಲ. ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಅದನ್ನು ತಮಾಷೆ ಎಂದೇ ತಿಳಿದಳು.

ಅವಳಿಗೂ ಅವನು ಹೇಳಿರಲಿಲ್ಲ. ಫೋನು ಬಂದರೆ ನೀನೇ ಮಾತಾಡು ಎನ್ನುತ್ತಿದ್ದ. ಅವಳು ಬೆನ್ನು ತಿರುಗಿಸಿ ಏನಾದರೂ ಕೇಳಿ ಉತ್ತರ ಸಿಗದಿದ್ದರೆ, ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ ಎಂದು ಎದುರಿಗೆ ಬಂದು ಬೈಯುತ್ತಿದ್ದಳು. ಬೈಗುಳ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಅದಕ್ಕೂ ಹೂಂ ಎನ್ನುತ್ತಿದ್ದ.

ಇಂದಲ್ಲ ನಾಳೆ ಹೇಳಿಬಿಡೋಣ ಎಂದುಕೊಂಡಿದ್ದನೋ ಏನೋ. ಅಷ್ಟರಲ್ಲಿ ಆ ಸಂಜೆ ಬಂತು. ಕರೆಂಟು ಹೋಗಿತ್ತು. ಮಗಳು ಇನ್ನೂ ಚಿಕ್ಕವಳು, ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಕತ್ತಲ ಕೋಣೆಯಲ್ಲಿ ಹೆಂಡತಿ ಬಂದು ಅವನ ಪಕ್ಕ ಕೂತಳು. ಅವಳ ಭುಜ ಅವನ ಭುಜಕ್ಕೆ ತಗುಲಿತ್ತು. ಭುಜ ನಡುಗುತ್ತಿದೆ, ಅವಳು ಅಳುತ್ತಿದ್ದಾಳೆ, ಬಹಳ ಹೊತ್ತಿನಿಂದ ಏನೋ ಹೇಳುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ತಿಳಿದದ್ದು. ಎದ್ದು ಮೇಣದಬತ್ತಿ ಹಚ್ಚಲು ಹೋದರೆ ಕೈ ಹಿಡಿದು ಕೂರಿಸಿದಳು. ಬೆಳಕು ಬೇಡವಾಗಿದ್ದ ಮಾತು ಅದು. ಕೊನೆಗೆ ಅವಳ ನಡುಕ ನಿಂತಿತು. ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾಳೆ ಎಂದು ಗೊತ್ತಾಯಿತು. ಅವನು ಹೂಂ ಎಂದ.

ಮಾರನೆಯ ದಿನದಿಂದ ಅವಳು ಬೇರೆಯೇ ಹೆಂಗಸಾದಳು. ಮುಖದಿಂದ ಯಾವುದೋ ಭಾರ ಇಳಿದುಹೋಗಿತ್ತು. ಅವನ ತಟ್ಟೆಗೆ ಬಡಿಸುವ ಕೈಯಲ್ಲೇ ಒಂದು ಹೊಸ ಅಕ್ಕರೆ ಇತ್ತು. ತಾನು ಏನನ್ನೋ ಕ್ಷಮಿಸಿದ್ದೇನೆ, ಇಲ್ಲವೇ ಏನನ್ನೋ ಒಪ್ಪಿಕೊಂಡಿದ್ದೇನೆ, ಅದು ಸಣ್ಣದಂತೂ ಅಲ್ಲ ಎಂಬುದು ಅವನಿಗೆ ಅರ್ಥವಾಯಿತು. ಏನೆಂದು ಕೇಳುವುದು ಹೇಗೆ? ಕೇಳಿದರೆ ಆ ಹೂಂ ಸುಳ್ಳಾಗುತ್ತದೆ. ಅಂದಿನಿಂದ ಅವನು ಬಚ್ಚಿಟ್ಟದ್ದು ಕಿವುಡುತನವನ್ನಲ್ಲ, ಆ ಒಂದು ಹೂಂ ಅನ್ನು. ನಾಚಿಕೆ ಹೋಗಿ ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಇನ್ನು ಹೆಬ್ಬೀದಿಯ ಮಾತು. ಅವನು ಅಷ್ಟು ವರ್ಷ ಒತ್ತಿದ ಮುಚ್ಚಳದ ಮೇಲೆ ಇದ್ದದ್ದು ರಾಜಧಾನಿಯ ಆ ಪ್ರಸಿದ್ಧ ಬೀದಿಯೇ. ಎರಡೂ ಕಡೆ ಸಾಲು ಮರ, ಮರದ ಬುಡದಲ್ಲಿ ಕಲ್ಲಿನ ಬೆಂಚು, ತುದಿಯಲ್ಲಿ ಗಡಿಯಾರದ ಗೋಪುರ. ದೇಶವೆಲ್ಲ ಆ ಡಬ್ಬಿಯಿಂದ ಬಿಸ್ಕತ್ತು ತಿಂದಿದೆ. ಹೂಂರಾಯನ ಹೆಬ್ಬೆರಳಿಗಂತೂ ಅದರ ಮರಗಳೆಲ್ಲ ಕಣ್ಣು ಮುಚ್ಚಿಯೂ ಗೊತ್ತು. ಒಂದೇ ಒಂದು ಸಂಗತಿ ಅವನನ್ನು ಕಾಡುತ್ತಿತ್ತು. ಮುಚ್ಚಳದ ಬೀದಿಯಲ್ಲಿ ಜನವೇ ಇಲ್ಲ. ಅಷ್ಟು ಸಣ್ಣ ಮುಖ ತಗಡಿನ ಮೇಲೆ ನಿಲ್ಲುವುದಿಲ್ಲ ಎಂದು ಅಚ್ಚು ಕೆತ್ತಿದವನು ಬಿಟ್ಟಿರಬೇಕು. ಆದರೂ ನೋಡಿದಾಗಲೆಲ್ಲ ಅವನಿಗೆ, ಇಷ್ಟು ಚೆಂದದ ಬೀದಿ ಬಿಟ್ಟು ಇವರೆಲ್ಲ ಎಲ್ಲಿಗೆ ಓಡಿಹೋದರು ಎನಿಸುತ್ತಿತ್ತು.

ನಿವೃತ್ತಿಯಾದ ಮೇಲೆ ಮಗಳು ಹಟ ಹಿಡಿದು ಇಬ್ಬರನ್ನೂ ರಾಜಧಾನಿಗೆ ಕಳಿಸಿದಳು. ಆ ಬೀದಿಯನ್ನು ಕಾರಿನಲ್ಲಿ ನೋಡಬಾರದು, ನಡೆದೇ ನೋಡಬೇಕು ಎಂದು ಹೇಳಿಕೊಟ್ಟಿದ್ದಳು. ಸರಿ, ಬೆಳಿಗ್ಗೆ ತಿಂಡಿ ಮುಗಿಸಿ ಗಂಡ ಹೆಂಡಿರು ಹೊರಟರು. ಜನವೋ ಜನ. ಫೋಟೋ ತೆಗೆಯುವವರು, ತೆಗೆಸಿಕೊಳ್ಳುವವರು, ಇಬ್ಬರ ನಡುವೆ ನುಗ್ಗುವವರು. ಹೆಂಡತಿ ಗಾಜಿನ ಕಿಟಕಿ ಕಂಡಲ್ಲೆಲ್ಲ ನಿಂತಳು. ಬೊಂಬೆಗಳಿಗೆ ಉಡಿಸಿದ ಬಟ್ಟೆಯ ಬೆಲೆ ಓದಿ, ಇದನ್ನ ಹಾಕ್ಕೊಂಡ್ರೆ ಊಟ ಮಾಡೋದು ಬೇಡ್ವೇನೋ ಎಂದು ಅವನ ಕಡೆ ತಿರುಗಿ ನಕ್ಕಳು. ಅವಳು ತಿರುಗಿದಾಗ ಹೇಳಿದ್ದೆಲ್ಲ ಅವನಿಗೆ ತಲುಪಿತು. ತಿರುಗದೆ ಹೇಳಿದ್ದಕ್ಕೆ ಹೂಂ ಇತ್ತು. ಅವನು ಬಹಳ ಸಂತೋಷವಾಗಿದ್ದ. ಮುಚ್ಚಳದ ಎಡಮೂಲೆಯ ಬೆಂಚನ್ನು ಹುಡುಕುತ್ತ ನಡೆದ.

ಆ ಬೆಂಚು ಸಿಕ್ಕಿತು. ಅದರ ಹಿಂದಿನ ಮರಕ್ಕೆ ಮುಚ್ಚಳದಲ್ಲಿ ತಲೆಯೇ ಇರಲಿಲ್ಲ. ಅಚ್ಚು ಸವೆದು ಹಾಗಾಗಿದೆ ಎಂದು ಅವನು ತಿಳಿದಿದ್ದ. ಈಗ ನೋಡಿದರೆ ನಿಜವಾಗಿಯೂ ಆ ಮರಕ್ಕೆ ತಲೆ ಇಲ್ಲ. ಯಾವ ಕಾಲದಲ್ಲೋ ಅರ್ಧಕ್ಕೆ ಕಡಿದಿದ್ದರು, ಕಡಿದ ಜಾಗ ಕಪ್ಪಗೆ ಸುಟ್ಟಂತಿತ್ತು. ಅವನಿಗೆ ಯಾಕೋ ಅದು ಹಿಡಿಸಲಿಲ್ಲ. ಆದರೂ ಕಾಲು ನೋಯುತ್ತಿತ್ತು, ಕೂತ. ಹೆಂಡತಿ ಕೈಚೀಲದೊಳಗೆ ತಲೆ ತೂರಿಸಿ ಕನ್ನಡಕ ಹುಡುಕುತ್ತಲೇ ಏನೋ ಹೇಳಿದಳು. ಅವನು ಹೂಂ ಎಂದ. ಅವಳು ರಸ್ತೆ ದಾಟಿ, ನೀಲಿ ಬಿಸಿಲುಮರೆ ಕಟ್ಟಿದ ಅಂಗಡಿಗಳ ಕಡೆ ಜನರಲ್ಲಿ ಮರೆಯಾದಳು. ಇಲ್ಲೇ ಇರಿ ಎಂದಳೋ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಳೋ, ಆ ದೇವರಿಗೇ ಗೊತ್ತು.

ಆಮೇಲೆ ಒಬ್ಬ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಚಳಿ ಅಷ್ಟೇನೂ ಇರಲಿಲ್ಲ, ಆದರೂ ಮೂಗಿನವರೆಗೆ ಮಫ್ಲರ್ ಸುತ್ತಿದ್ದ. ಜೊತೆಗೊಂದು ದಪ್ಪನೆಯ ಬೂದು ಚೀಲ. ಸ್ವಲ್ಪ ಹೊತ್ತು ಗಡಿಯಾರದ ಗೋಪುರವನ್ನೇ ನೋಡುತ್ತ ಕೂತಿದ್ದು, ಹೂಂರಾಯನ ಕಡೆ ತಿರುಗಿದ. ಮಫ್ಲರಿನ ಉಣ್ಣೆ ಅಲ್ಲಾಡಿತು. ಅವನ ಕೈ ಬೂದು ಚೀಲವನ್ನು ತೋರಿಸಿತು. ತುಟಿಯೇ ಕಾಣದ ಮೇಲೆ ಓದುವುದೇನು? ಹೂಂರಾಯ ಮಾಮೂಲಿನಂತೆ ತಲೆಯಾಡಿಸಿ ಹೂಂ ಎಂದ. ಆ ಮನುಷ್ಯ ಎದ್ದು ಹೊರಟವನು ಒಂದು ಸಲವೂ ತಿರುಗಿ ನೋಡಲಿಲ್ಲ. ಚೀಲ ನೋಡಿಕೊಳ್ಳಿ, ಈಗ ಬಂದೆ ಎಂದಿರಬೇಕು ಎಂದು ಹೂಂರಾಯ ತೀರ್ಮಾನಿಸಿದ. ಹೂಂ ಎಂದ ಮೇಲೆ ಮುಗಿಯಿತು, ಮಾತು ಮಾತೇ. ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಹಿಡಿಯ ಮೇಲೆ ಕೈ ಇಟ್ಟುಕೊಂಡ. ಚೀಲ ಭಾರವಾಗಿತ್ತು.

ಮೊದಲು ಎದ್ದದ್ದು ಪಾರಿವಾಳಗಳು. ಗೋಪುರದಿಂದ ಎಲ್ಲವೂ ಒಟ್ಟಿಗೆ ಹಾರಿ, ಒಂದು ಸುತ್ತು ಹಾಕಿ, ಮರಳಿ ಕೂರದೆ ಹೊರಟುಹೋದವು. ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದವರು ಕತ್ತೆತ್ತಿ ಆಕಾಶ ನೋಡಿದರು. ಎಲ್ಲ ಕಂಬಕ್ಕೂ ಧ್ವನಿವರ್ಧಕದ ಒಂದೊಂದು ತಗಡಿನ ಕಹಳೆ ಕಟ್ಟಿದ್ದರು. ಹೂಂರಾಯನಿಗೆ ಅವು ಬರೀ ಕಹಳೆಗಳು. ಜನ ಒಂದೇ ಕಡೆಗೆ ನಡೆಯತೊಡಗಿದರು. ಗೋಪುರದ ಮುಂದೆ ಏನೋ ಮೆರವಣಿಗೆ ಇರಬೇಕು ಎಂದುಕೊಂಡ. ಅವರು ಹೋಗುತ್ತಿದ್ದದ್ದು ಗೋಪುರದ ಕಡೆಗಲ್ಲ, ಅದಕ್ಕೆ ಬೆನ್ನು ಹಾಕಿ. ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಮಗುವಿನ ಒಂದು ಬೂಟು ಕಳಚಿ ರಸ್ತೆಯ ಮಧ್ಯೆ ಬಿತ್ತು. ಎತ್ತಿಕೊಳ್ಳಲು ಅವಳು ನಿಲ್ಲಲಿಲ್ಲ.

ಒಬ್ಬ ಪೊಲೀಸಿನವನು ಅವನ ಹತ್ತಿರ ಬಂದ. ಅವನ ಮೀಸೆ ಮೇಲ್ತುಟಿಯನ್ನು ಪೂರ್ತಿ ನುಂಗಿತ್ತು. ಮೀಸೆಯವರ ಮಾತು ಓದುವುದೆಂದರೆ ಪರದೆ ಎತ್ತದೆ ನಾಟಕ ನೋಡಿದ ಹಾಗೆ. ಪೊಲೀಸಿನವನು ಕೈ ಬೀಸಿ ಏನೋ ಹೇಳಿದ. ಹೂಂರಾಯ ನಸುನಕ್ಕು ಹೂಂ ಎಂದ. ಪೊಲೀಸಿನವನು ಚೀಲದ ಕಡೆ ಬೆರಳು ಮಾಡಿ ಇನ್ನೇನೋ ಕೇಳಿದ. ಯಾರದು ಎಂದು ಕೇಳಿದನೇನೋ, ನಿಮ್ಮದಾ ಎಂದನೇನೋ. ಹೂಂರಾಯ ಮತ್ತೆ ಹೂಂ ಎಂದು, ಯೋಚನೆ ಬೇಡ ಎಂಬಂತೆ ಚೀಲದ ಮೇಲೆ ಎರಡು ಸಲ ತಟ್ಟಿದ. ಪೊಲೀಸಿನವನ ಮುಖದ ಬಣ್ಣ ಇಳಿಯಿತು. ಒಂದು ಹೆಜ್ಜೆ ಹಿಂದೆ ಇಟ್ಟ. ಇನ್ನೊಂದು ಇಟ್ಟ. ಬೆನ್ನು ತೋರಿಸದೆ ಹಿಂದೆ ಹಿಂದೆಯೇ ಹೋದ. ರಾಜಧಾನಿಯ ಜನ ಬಹಳ ಮರ್ಯಾದಸ್ಥರು ಎಂದು ಹೂಂರಾಯ ಅಂದುಕೊಂಡ.

ಅಂಗಡಿಗಳ ಬಾಗಿಲು ಒಂದರ ಹಿಂದೊಂದು ಇಳಿದವು. ಶಬ್ದವಿಲ್ಲದೆ ಇಳಿಯುವ ಶಟರು ಕಣ್ಣು ಮುಚ್ಚಿದಂತೆ ಕಾಣುತ್ತದೆ. ಮೇಜಿನ ಮೇಲೆ ಅರ್ಧ ಕುಡಿದ ಲೋಟಗಳು ಹಾಗೇ ಇದ್ದವು. ಸಿಗ್ನಲ್ ದೀಪ ಕೆಂಪಾಯಿತು, ಹಸಿರಾಯಿತು, ನಿಲ್ಲುವುದಕ್ಕೂ ಹೊರಡುವುದಕ್ಕೂ ಒಂದು ವಾಹನವೂ ಇರಲಿಲ್ಲ. ಆಮೇಲೆ ಅಲ್ಲಾಡುವುದು ಎಲೆ ಮಾತ್ರವಾಯಿತು.

ಆಗ ಅವನು ಕತ್ತೆತ್ತಿ ಬೀದಿಯನ್ನು ಪೂರ್ತಿ ನೋಡಿದ. ಎರಡೂ ಕಡೆ ಮರ, ಕಲ್ಲಿನ ಬೆಂಚು, ತುದಿಯಲ್ಲಿ ಗೋಪುರ, ಒಬ್ಬರೂ ಇಲ್ಲ. ಅವನ ಮುಚ್ಚಳ. ಅವನ ಕೈಕೆಳಗೆ ಲಕ್ಷಗಟ್ಟಲೆ ಸಲ ಹುಟ್ಟಿದ ಬೀದಿ ಈಗ ಅವನೊಬ್ಬನಿಗಾಗಿ ಎದ್ದು ನಿಂತಿತ್ತು. ಒಂದು ಕ್ಷಣ ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಹೆಂಡತಿಗೆ ತೋರಿಸಬೇಕು ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಇದ್ದದ್ದು ಚೀಲ.

ಇವರೆಲ್ಲ ಎಲ್ಲಿಗೆ ಓಡಿಹೋದರು ಎಂಬ ಹಳೆಯ ಪ್ರಶ್ನೆ ಆಗ ಮತ್ತೆ ಬಂತು. ಈ ಸಲ ಅದರ ಜೊತೆಗೆ ಉತ್ತರವೂ ಬಂತು. ಓಡಿದ್ದು ಬಾಂಬಿಗೆ ಹೆದರಿ, ಆ ಬಾಂಬು ಈ ಚೀಲದಲ್ಲಿರಬೇಕು. ಚೀಲದ ಮೇಲಿದ್ದ ತನ್ನ ಕೈಯನ್ನೇ ಅವನು ಬೇರೆ ಯಾರದ್ದೋ ಕೈ ಎಂಬಂತೆ ನೋಡಿದ.

ನೀಲಿ ಬಿಸಿಲುಮರೆಯ ಆಚೆ, ರಸ್ತೆಗೆ ಅಡ್ಡವಾಗಿ ಪಟ್ಟಿ ಕಟ್ಟಿದ್ದರು. ಪಟ್ಟಿಯ ಈಚೆಗೆ ಗುರಾಣಿ ಹಿಡಿದ ಪೊಲೀಸರು ಸಾಲಾಗಿ ಮಂಡಿಯೂರಿದ್ದರು. ಬಂದೂಕುಗಳ ಮೂತಿ ಅವನ ಕಡೆಗೇ ಇತ್ತು. ಒಬ್ಬ ಅಧಿಕಾರಿ ಕಹಳೆಯನ್ನು ಬಾಯಿಗೆ ಹಿಡಿದಿದ್ದ, ಅಂದರೆ ಬಾಯಿ ಮುಚ್ಚಿಹೋಗಿತ್ತು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ. ಮೂರು ಸಲ ಹೇಳಿಯೂ ಚೀಲದ ಮೇಲಿಂದ ಕೈ ತೆಗೆಯದ ಮನುಷ್ಯನನ್ನು ಅವರು ಏನೆಂದು ತಿಳಿಯಬೇಕು? ಅವನದೇ ತಪ್ಪು ಎನ್ನುವುದು ಸರಿಯಲ್ಲ, ಅವರದೂ ತಪ್ಪಲ್ಲ.

ಅವರ ಹಿಂದೆ ಹೆಂಡತಿ ಕಂಡಳು. ಒಬ್ಬ ಮಹಿಳಾ ಪೊಲೀಸ್ ಅವಳ ತೋಳು ಹಿಡಿದಿದ್ದಳು. ಅವಳು ಕೊಸರಾಡುತ್ತ, ಅವನನ್ನೇ ನೋಡುತ್ತ, ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ಅಷ್ಟು ದೂರದಿಂದಲೂ ಅವನು ಅವಳ ತುಟಿ ಓದಬಲ್ಲ, ಸಾವಿರ ಜನರ ನಡುವೆಯೂ ಓದಬಲ್ಲ. ತುಟಿ ಮುಚ್ಚಿ ತೆರೆಯಿತು, ಇನ್ನೊಂದು ಸಲ ಮುಚ್ಚಿ ತೆರೆಯಿತು. ಬಿಟ್ಬಿಡಿ.

ಕೈ ತೆಗೆಯಬೇಕು ಎನ್ನುವಷ್ಟರಲ್ಲಿ ಅವನಿಗೆ ಅನುಮಾನ ಬಂತು. ಬಿಟ್ಬಿಡಿ ಎಂದಳೋ, ಬಿಡ್ಬೇಡಿ ಎಂದಳೋ? ಎರಡಕ್ಕೂ ತುಟಿ ಒಂದೇ ಥರ ಆಡುತ್ತದೆ. ಕೈ ಬಿಟ್ಟರೆ ಬದುಕು ಎಂದು ಹೇಳುತ್ತಿದ್ದಾಳೋ, ಕೈ ಬಿಟ್ಟರೆ ಚೀಲ ಸಿಡಿಯುತ್ತದೆಂದು ಪೊಲೀಸರು ಹೇಳಿದ್ದನ್ನು ಕೂಗುತ್ತಿದ್ದಾಳೋ? ಅವನು ಮತ್ತೆ ನೋಡಿದ. ಬಿಟ್ಬಿಡಿ. ಬಿಡ್ಬೇಡಿ. ಬಿಟ್ಬಿಡಿ. ನೋಡಿದಷ್ಟೂ ಎರಡೂ ಒಂದಾಗಿ ಕಲೆತುಹೋದವು. ಬೆರಳುಗಳು ಚೀಲದ ಹಿಡಿಯ ಮೇಲೆ ಮರಗಟ್ಟಿದವು.

ಅಷ್ಟಾದರೂ ನಾಲಿಗೆಯ ತುದಿಗೆ ಬಂದದ್ದು ಹೂಂ. ಒಂದು ಹೂಂ ಎಂದು, ಎರಡರಲ್ಲಿ ಒಂದನ್ನು ಊಹಿಸಿ, ಆದದ್ದಾಗಲಿ ಎನ್ನುವುದು. ಇಡೀ ಆಯುಷ್ಯ ಅದನ್ನೇ ಮಾಡಿದ್ದ, ಬಹುಪಾಲು ಸರಿಹೋಗಿತ್ತು. ಕಿವಿ ಕೇಳಿಸುವುದಿಲ್ಲ ಎಂದು ಈ ನಡುಬೀದಿಯಲ್ಲಿ ಕೂಗಿಕೊಂಡರೆ ಜೀವ ಉಳಿಯಬಹುದು. ಆದರೆ ಆ ಸಂಜೆಯ ಹೂಂ ಉಳಿಯುವುದಿಲ್ಲ. ಅವಳು ಇಷ್ಟು ವರ್ಷ ನಿರಾಳವಾಗಿ ಉಸಿರಾಡಿದ್ದು ಅದರ ಮೇಲೆ. ನಗಬೇಡಿ, ಬಂದೂಕಿನ ಎದುರಿಗೆ ಕೂತು ಆ ಮನುಷ್ಯ ಇದನ್ನು ತೂಗಿ ನೋಡಿದ.

ಆಗ ಹೆಂಡತಿಯ ಬಾಯಿ ನಿಂತಿತು. ಕೂಗಿ ಸಾಕಾಗಿ, ತಲೆ ತಗ್ಗಿಸಿ ಅಳತೊಡಗಿದಳು. ಅವಳ ಭುಜ ನಡುಗುವುದು ಅಷ್ಟು ದೂರಕ್ಕೂ ಕಾಣಿಸಿತು. ಆ ನಡುಕವನ್ನು ಅವನ ಭುಜ ಗುರುತಿಸಿತು. ಆ ಸಂಜೆಯೂ ಹೀಗೇ ನಡುಗಿದ್ದಳು. ಹೀಗೆ ನಡುಗುವ ಹೆಂಗಸಿಗೆ ಇನ್ನೊಂದು ಸಲ ಸುಳ್ಳು ಹೂಂ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ.

"ಕೇಳಿಸ್ತಿಲ್ಲ ಕಣೇ," ಎಂದು ಕೂಗಿದ. ದನಿ ಹೊರಗೆ ಬಂತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಇನ್ನೂ ಜೋರಾಗಿ, ಗಂಟಲು ಹರಿಯುವಂತೆ ಕೂಗಿದ. "ನಂಗೆ ಕಿವಿ ಕೇಳ್ಸಲ್ಲ. ನೀನು ಹೇಳಿದ್ದು ಯಾವುದೂ ಕೇಳ್ಸಲ್ಲ."

ಅಧಿಕಾರಿ ಕಹಳೆ ಕೆಳಗಿಳಿಸಿದ. ಹೆಂಡತಿ ತಲೆಯೆತ್ತಿದಳು. ಎರಡೂ ಕೈ ಎತ್ತಿ, ಮುಷ್ಟಿ ಬಿಗಿದು, ಆಮೇಲೆ ಬೆರಳುಗಳನ್ನು ಅಗಲವಾಗಿ ಬಿಚ್ಚಿ ತೋರಿಸಿದಳು. ಬಿಡಿ. ಎಷ್ಟು ಸುಲಭವಾಗಿತ್ತು ನೋಡಿ. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಕೈಯೆತ್ತಿ ಎದ್ದು ನಿಂತು, ಬೀದಿಯ ನಡುವೆ ನಡೆಯತೊಡಗಿದ. ದಾರಿಯಲ್ಲಿ ಮಗುವಿನ ಬೂಟು ಬಿದ್ದಿತ್ತು. ಅದನ್ನು ಸುತ್ತುಹಾಕಿ ಹೋದ.

ಪಟ್ಟಿಯ ಆಚೆ ಅವನನ್ನು ಎಳೆದುಕೊಂಡರು, ಮೈಯೆಲ್ಲ ತಡವಿದರು, ಏನೇನೋ ಕೇಳಿದರು. ಹೆಂಡತಿ ಎಲ್ಲರನ್ನೂ ತಳ್ಳಿಕೊಂಡು ಬಂದು ಅವನ ಎದೆಗೆ ಗುದ್ದಿದಳು. ಗುದ್ದಿ, ಅಪ್ಪಿಕೊಂಡು, ಮತ್ತೆ ಗುದ್ದಿದಳು. ಬದುಕಿದೆಯಾ ಬಡಜೀವವೇ ಎಂದು ಅವನಿಗೂ ಅಳು ಬಂತು. ಆಮೇಲೆ ಅವಳ ಕೈ ನಿಂತಿತು. ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, "ಯಾವಾಗಿಂದ?" ಎಂದಳು.

ಮಗಳು ಸ್ಕೂಲಿಗೆ ಸೇರುವ ಮೊದಲೇ ಎಂದು ಅವನು ಹೇಳಿದ. ಅವಳ ಕಣ್ಣು ಅವನನ್ನು ಬಿಟ್ಟು ಎಲ್ಲೋ ಹಿಂದಕ್ಕೆ ಹೋಯಿತು. ವರ್ಷಗಳನ್ನು ದಾಟಿ, ಒಂದು ಕತ್ತಲ ಕೋಣೆಯವರೆಗೆ ಹೋಗಿ ಅಲ್ಲಿ ನಿಂತದ್ದನ್ನು ಅವನು ಕಣ್ಣಾರೆ ಕಂಡ. ಮರಳಿ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಕತ್ತಲಲ್ಲಿ ಹೇಳಿದ್ದು ಕೇಳಿಸಿತ್ತಾ?" ಎಂದಳು.

ಆ ಮಾತಿನಲ್ಲಿ ಪ ಇಲ್ಲ, ಬ ಇಲ್ಲ, ಮ ಇಲ್ಲ. ತಪ್ಪಾಗಿ ಓದಿದೆ ಎನ್ನಲು ಒಂದು ಅಕ್ಷರವೂ ಆಸರೆಗೆ ಸಿಗಲಿಲ್ಲ.

ಅಷ್ಟರಲ್ಲಿ ಚೀಲವನ್ನು ದೂರದಿಂದಲೇ ಸಿಡಿಸಿದರು. ಅವನ ಅಂಗಾಲಿನಿಂದ ಎದೆಯವರೆಗೆ ಒಂದು ದಡ್ ಏರಿಬಂತು, ಅವನ ಪ್ರೆಸ್ಸಿನದೇ ದಡ್. ಸುತ್ತ ಇದ್ದವರೆಲ್ಲ ಕಿವಿ ಮುಚ್ಚಿಕೊಂಡು ಕುಕ್ಕರಿಸಿದರು. ಚೀಲದ ತುಂಬ ಬರೀ ಬಟ್ಟೆಯಿತ್ತು. ತಲೆಯಿಲ್ಲದ ಮರದ ಮೇಲೆ ಒಂದು ಅಂಗಿಯ ತೋಳು ನೇತಾಡಿತು. ಅವಳು ಕುಕ್ಕರಿಸಲಿಲ್ಲ, ಬೆಚ್ಚಲೂ ಇಲ್ಲ, ಅವನ ಬಾಯಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ," ಎಂದ.

ಅವಳು ತಲೆಯಾಡಿಸಿದಳು. ತುಟಿ ಮುಚ್ಚಿಯೇ ಇತ್ತು, ಹೂಂ ಎಂದಿರಬೇಕು. ಅವನ ಗಲ್ಲದಿಂದ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ಪೊಲೀಸರು ಹೋಗಿ ಎಂದ ಮೇಲೆ ತಾವು ಇಳಿದುಕೊಂಡಿದ್ದ ಹೋಟೆಲಿನ ದಾರಿ ಹಿಡಿದು ಮುಂದೆ ಮುಂದೆ ನಡೆದಳು. ಅವನು ಹಿಂದೆ ನಡೆದ. ಅವಳು ಏನೋ ಹೇಳುತ್ತಲೇ ಹೋಗುತ್ತಿದ್ದಳು, ಹಿಂದಿನಿಂದ ಕೆನ್ನೆ ಅಲ್ಲಾಡುವುದು ಕಾಣಿಸುತ್ತಿತ್ತು. ಒಂದು ಸಲ ತಿರುಗಿಯಾಳು ಎಂದು ಅವನು ಹೋಟೆಲಿನ ಬಾಗಿಲವರೆಗೂ ನೋಡಿದ. ಅವಳು ತಿರುಗಲಿಲ್ಲ.